ಕೈ ನಿಂತರೆ ನಿಲ್ಲುವ ಮಷಿನ್

ಆ ಶನಿವಾರ ಬೆಳಿಗ್ಗೆಯೂ ಎದ್ದ ಕೂಡಲೇ ನಾನು ಮಾಡಿದ್ದು ದಿನಾ ಮಾಡುವ ಕೆಲಸವನ್ನೇ. ಮನೆಯೊಳಗಿನ ಒಂದೊಂದು ವಸ್ತುವೂ ಅದರ ಜಾಗದಲ್ಲಿದೆಯೇ ಎಂದು ನೋಡಿಕೊಂಡು ಬರುವುದು. ಮಂಚದ ಕೆಳಗೆ ಚಪ್ಪಲಿ, ಮೂತಿ ಹೊರಕ್ಕೆ. ಬಚ್ಚಲಿನ ಬಕೆಟ್ಟು ಗೋಡೆಗೆ ಒತ್ತಿಕೊಂಡು, ಚೊಂಬು ಅದರ ಬಲಕ್ಕೆ. ಊಟದ ಮೇಜಿನ ಕುರ್ಚಿಗಳನ್ನು ಪೂರ್ತಿ ಒಳಕ್ಕೆ ತಳ್ಳಿರಬೇಕು. ನಡುಮನೆಯ ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲಿನ ಅಂಚು ಹಣೆಗೆ ಏನು ಮಾಡುತ್ತದೆಂದು ನಮಗೆ ಗೊತ್ತಾಗಿ ವರ್ಷದ ಮೇಲಾಗಿತ್ತು.

ಚಹಾ ಮಾಡಿ, ಜಗುಲಿಯ ಬೆತ್ತದ ಕುರ್ಚಿಯ ಪಕ್ಕದ ಸ್ಟೂಲಿನ ನಟ್ಟನಡುವೆ ಲೋಟ ಇಟ್ಟೆ. ಇಟ್ಟಿದ್ದೇನೆ ಎಂದು ಹೇಳಲಿಲ್ಲ. ಲೋಟದ ತಳ ಮರಕ್ಕೆ ತಾಗುವ ಸದ್ದು ನಮ್ಮ ಮನೆಯವರಿಗೆ ಸಾಕು. ಅವರು ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಹೊರಗೆ ಬಂದು, ಕುರ್ಚಿಯ ಕೈ ಮುಟ್ಟಿ ನೋಡಿ ಕೂತರು.

ದುರ್ಗದ ಪೇಟೆಯಲ್ಲಿ ನಮ್ಮದು ಟೈಲರ್ ಅಂಗಡಿಯಿತ್ತು. ಹೊಲಿಯುವ ಕೈಗಳು ಬೇರೆ ಇದ್ದವು, ಬಟ್ಟೆಗೆ ಕತ್ತರಿ ಹಾಕುತ್ತಿದ್ದವರು ಮಾತ್ರ ಇವರು. ಹಾಗಾಗಿ ಬೀದಿಗೆಲ್ಲ ಇವರು ಮಾಸ್ಟ್ರು. ಯಾರದೋ ಮದುವೆಯ ಶೇರ್ವಾನಿಗೆ ಎರಡೂ ಎಡತೋಳನ್ನೇ ಕತ್ತರಿಸಿಟ್ಟ ದಿನ ನಾವು ಕಣ್ಣಿನ ಆಸ್ಪತ್ರೆಗೆ ಹೋದೆವು. ಕಣ್ಣೊಳಗಿನ ಒತ್ತಡ ಸದ್ದಿಲ್ಲದೆ ನರವನ್ನು ತಿಂದುಹಾಕಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಉಳಿದದ್ದೂ ಒಂದು ವರ್ಷದೊಳಗೆ ಹೋಯಿತು. ಅಂಗಡಿ ಮುಚ್ಚಿದ್ದಕ್ಕೆ ವಯಸ್ಸಿನ ಕಾರಣ ಕೊಟ್ಟೆವು. "ಯಾರಿಗೂ ಹೇಳಬೇಡ. ಪಾಪ ಅನ್ನಿಸಿಕೊಂಡು ಈ ಬೀದಿಯಲ್ಲಿ ಕೂರೋಕೆ ನನ್ನಿಂದ ಆಗಲ್ಲ," ಎಂದಿದ್ದರು. (ಮನೆಯೊಳಗೆ ನಾವಾಡುವುದು ಉರ್ದು; ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.) ಮಗಳು, ಅಳಿಯನನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಟೇಪು ಹಾಕಿಕೊಂಡು ಜಗುಲಿಯಲ್ಲಿ ಕೂತು, ಹೋಗಿ ಬರುವವರ ಚಪ್ಪಲಿ ಸದ್ದು, ಕೆಮ್ಮು ಗುರುತು ಹಿಡಿದು ಅವರೇ ಮೊದಲು ಮಾತಾಡಿಸುತ್ತಿದ್ದರು. ಕೈಕಾಲು ಬಿಚ್ಚಿ ನಡೆಯುವುದು ಭಾನುವಾರ ಮಾತ್ರ. ಬೆಳಕು ಹರಿಯುವ ಮುಂಚೆ ಆಟೋದಲ್ಲಿ ಚಂದ್ರವಳ್ಳಿಗೆ ಹೋಗಿ, ಕೆರೆಯ ಬದಿಯಲ್ಲಿ ನನ್ನ ಮೊಣಕೈ ಹಿಡಿದು ಎರಡು ಗಂಟೆ ನಡೆಯುತ್ತಿದ್ದರು. ನಮ್ಮ ಬೀದಿಯವರು ಆ ಹೊತ್ತಿಗೆ ಅಲ್ಲಿಗೆ ಯಾರೂ ಬರುವುದಿಲ್ಲ.

ಇನ್ನು ಹುಲ್ಲಿನ ಮಾತು. ನಾನು ಓದಿದ ಕಾನ್ವೆಂಟಿನ ಮುಂದೆ ಒಂದು ಹುಲ್ಲುಹಾಸು ಇತ್ತು. ಸುತ್ತ ಬಿಳಿ ಸುಣ್ಣ ಬಳಿದ ಇಟ್ಟಿಗೆ. ಹತ್ತು ವರ್ಷ ಅದರ ಪಕ್ಕದಲ್ಲೇ ಸಾಲಾಗಿ ನಡೆದಿದ್ದೇನೆ, ಒಂದು ದಿನವೂ ಕಾಲಿಟ್ಟಿಲ್ಲ. ಮದುವೆಯಾದ ಹೊಸದರಲ್ಲಿ ಯಾವಾಗಲೋ ಇದನ್ನು ಹೇಳಿದ್ದೆನಂತೆ, ನನಗೇ ಮರೆತುಹೋಗಿತ್ತು. ಜೋಗಿಮಟ್ಟಿ ರಸ್ತೆಯ ಕಡೆ ಈ ಮನೆ ಕಟ್ಟಿದಾಗ ಇವರು ಎಲ್ಲಿಂದಲೋ ಚೀಲಗಟ್ಟಲೆ ಗರಿಕೆ ಬೇರು ತರಿಸಿ, ಮನೆಯ ಮುಂದೆಲ್ಲ ಕೂತುಕೊಂಡು ನೆಟ್ಟರು. ಅದು ಹಬ್ಬಿ ಹಸಿರಾದ ದಿನ, "ಈಗ ಎಷ್ಟು ಬೇಕೋ ಅಷ್ಟು ತುಳಿ," ಎಂದರು.

ಪ್ರತಿ ಶನಿವಾರ ಸಂಜೆ ಉದ್ದ ಅಲಗಿನ ಹುಲ್ಲುಕತ್ತರಿ ಹಿಡಿದು ಕುಕ್ಕರಗಾಲಿನಲ್ಲಿ ಕೂತು ಅದನ್ನು ಕತ್ತರಿಸುತ್ತಿದ್ದರು. ಕಣ್ಣು ಹೋದ ಮೇಲೂ ಬಿಡಲಿಲ್ಲ. ಎಡಗೈಯಿಂದ ಹುಲ್ಲು ಸವರುವುದು, ಉದ್ದ ಉಳಿದದ್ದು ಅಂಗೈಗೆ ತಾಗಿದರೆ ಬಲಗೈಯಿಂದ ಕತ್ತರಿ. ನಾನು ಒಳಗೆ ಅಡುಗೆಯಲ್ಲಿರುತ್ತಿದ್ದೆ. ಕತ್ತಲಾಗುವ ಹೊತ್ತಿಗೆ ಹೊರಗೆ ಬಂದರೆ ಅಲ್ಲೊಂದು ಇಲ್ಲೊಂದು ಕುಚ್ಚು ನಿಂತಂತೆ ಕಾಣುತ್ತಿತ್ತು. ಭಾನುವಾರ ಚಂದ್ರವಳ್ಳಿಯಿಂದ ಬಂದು ನೋಡಿದರೆ ಒಂದೂ ಇಲ್ಲ, ಇಡೀ ಹುಲ್ಲು ಇಸ್ತ್ರಿ ಹಾಕಿದ ಹಾಗೆ. ಒಮ್ಮೆ ಕೇಳಿದ್ದಕ್ಕೆ, "ಇಬ್ಬನಿ ಬಿದ್ದರೆ ಮಲಗಿದ್ದು ಏಳುತ್ತೆ, ಎದ್ದಿದ್ದು ಕೂರುತ್ತೆ. ಬಟ್ಟೆಗೂ ನೀರು ಚಿಮುಕಿಸಿಯೇ ಸುಕ್ಕು ತೆಗೆಯೋದು," ಎಂದರು. ನನಗೆ ಬಟ್ಟೆಯ ವಿಷಯದಲ್ಲಿ ಇವರ ಮಾತನ್ನು ನಂಬಿ ಅಭ್ಯಾಸ. ಹುಲ್ಲಿನ ವಿಷಯದಲ್ಲೂ ನಂಬಿದೆ.

ಕತ್ತರಿಸಿದ ಹುಲ್ಲು ಪಕ್ಕದ ಮನೆಗೆ. ಪಕ್ಕದ ಮನೆಯವನು ಹಿರೇಗುಂಟನೂರಿನ ಕಡೆಯವನು, ಕುರಿ ಸಾಕುವ ಮನೆತನ. ಊರಿನ ಮಂದೆಯನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಪೇಟೆಗೆ ಬಂದರೂ ನಾಲ್ಕೈದು ಕುರಿ ಹಿತ್ತಿಲಲ್ಲಿ ಇಟ್ಟುಕೊಂಡೇ ಇದ್ದ. ನಾವು ಶನಿವಾರ ಹುಲ್ಲನ್ನು ಗೋಡೆಯ ಬುಡಕ್ಕೆ ಗುಡಿಸಿಡುವುದು, ಭಾನುವಾರ ಬೆಳಿಗ್ಗೆ ನಾವಿಲ್ಲದಾಗ ಅವನು ಮೊಣಕಾಲೆತ್ತರದ ಗೋಡೆ ದಾಟಿ ಬಂದು ಪುಟ್ಟಿಯಲ್ಲಿ ತುಂಬಿಕೊಂಡು ಹೋಗುವುದು, ಇದು ಬಹಳ ದಿನದ ರೂಢಿ.

ಹದಿನೈದು ದಿನದ ಹಿಂದೆ ಕತ್ತರಿ ಹುಲ್ಲಿನ ಜೊತೆ ಎಡಗೈಯ ತೋರುಬೆರಳಿನ ತುದಿಯನ್ನೂ ಹಿಡಿಯಿತು. ಹೊಲಿಗೆ ಬಿತ್ತು. ಹೊಸದುರ್ಗದಲ್ಲಿ ಸಂಸಾರ ಮಾಡಿಕೊಂಡಿರುವ ಮಗಳು ಓಡಿ ಬಂದಳು, ಅತ್ತಳು, ಬೈದಳು. ಅಳಿಯ ಟೈಲ್ಸ್ ಹಾಕುವವರನ್ನು ಗೊತ್ತು ಮಾಡಿದ. "ಮುಂದಿನ ಸೋಮವಾರ ಬಿಟ್ಟು ಆ ಸೋಮವಾರ ಬರ್ತಾರೆ ಅಮ್ಮಿ. ಗೇಟಿನಿಂದ ಜಗುಲಿವರೆಗೆ ಟೈಲ್ಸ್ ಹಾಕಿಬಿಡೋಣ. ಹುಲ್ಲೂ ಬೇಡ, ಕತ್ತರೀನೂ ಬೇಡ," ಎಂದಳು. ಇವರದು ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ಶುಕ್ರವಾರ ಊಟಕ್ಕೆ ಕೂತಾಗ ಮಾತಾಡಿದರು. "ಕೂತು ಕತ್ತರಿಸೋದು ಮುಗೀತು. ನಿಂತುಕೊಂಡು ಕತ್ತರಿಸೋ ಮಷಿನ್ ಬರುತ್ತಲ್ಲ, ನನ್ನ ಕೈಗೆ ಹೊಂದೋದು ಒಂದು ಹುಡುಕು. ಅದೂ ಆಗಲಿಲ್ಲ ಅಂದರೆ ಟೈಲ್ಸೇ ಹಾಕಿಸು. ನಾನು ತಕರಾರು ಮಾಡಲ್ಲ."

ಮಗಳಿಗೆ ಫೋನ್ ಮಾಡಿದೆ. "ಒಂದು ವರ್ಷದಿಂದ ಕಣ್ಣಾರೆ ನೋಡ್ತಿದ್ದೀನಿ, ನಿಮ್ಮಬ್ಬಾ ಒಂದು ಕಡ್ಡಿ ಬಿಡದ ಹಾಗೆ ಕತ್ತರಿಸ್ತಾರೆ. ಬೆರಳಿನದ್ದು ಕತ್ತರಿಯ ತಪ್ಪು. ನಾಳೆ ಒಂದು ಮಷಿನ್ ಹುಡುಕಿ ನೋಡ್ತೀನಿ," ಎಂದೆ. ಅವಳು, "ಶನಿವಾರ ಸಂಜೆಯೊಳಗೆ ಹೇಳು ಅಮ್ಮಿ. ಸೋಮವಾರವೇ ಟೈಲ್ಸಿನವರು ಬರೋದು, ಆಮೇಲೆ ಅವರಿಗೆ ಬೇಡ ಅನ್ನೋಕಾಗಲ್ಲ," ಎಂದಳು.

ಹೀಗೆ ಆ ಶನಿವಾರ ನನ್ನ ಕೈಗೆ ಬಂದದ್ದು ಒಂದೇ ದಿನ.

ಚಹಾ ಮುಗಿಸಿ ಇವರು ಟೇಪು ತೆಗೆದು ನನ್ನ ಕಡೆ ಚಾಚಿದರು. "ಮೊದಲು ಅಳತೆ ತಗೋ. ಅಳತೆ ಇಲ್ಲದೆ ಬರೋ ಗಿರಾಕಿ ಕಂಡರೆ ನನಗೂ ಆಗ್ತಿರಲಿಲ್ಲ." ಗೇಟಿನಿಂದ ಜಗುಲಿಗೆ ಮೂವತ್ತು ಅಡಿ, ಅಡ್ಡಕ್ಕೆ ಹದಿನೆಂಟು. ಟೇಪು ಐದೇ ಅಡಿಯಾದ್ದರಿಂದ ಬೆರಳಿಟ್ಟು ಬೆರಳಿಟ್ಟು ಸರಿದೆ. ಎಡಗಡೆ ಬೇವಿನ ಮರ, ಅದರ ಬುಡದಲ್ಲಿ ನೆಲ ಉಬ್ಬಿದೆ. ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಪ್ರತಿ ಮಳೆಗೂ ಮಣ್ಣಿನೊಳಗಿಂದ ಗೋಲಿಯಷ್ಟು ಕಲ್ಲು ಮೇಲೆ ಬರುತ್ತವೆ, ದುರ್ಗದ ನೆಲವಲ್ಲವೇ. ಹುಲ್ಲು ಎರಡು ಇಂಚು ಬೆಳೆದಿದೆ. ಎಲ್ಲವನ್ನೂ ಹಳೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

"ಕರೆಂಟಿನದೋ ಪೆಟ್ರೋಲಿನದೋ ನೀನೇ ನೋಡು. ಆದರೆ ತಗೊಳ್ಳೋ ಮುಂಚೆ ಕಣ್ಣು ಮುಚ್ಚಿಕೊಂಡು ಒಂದು ಸಲ ಹಿಡಿದು ನಡಿ. ಅಷ್ಟು ಮಾಡು ಸಾಕು," ಎಂದರು.

ಮಧ್ಯಾಹ್ನದ ಊಟದ ಡಬ್ಬಿಯನ್ನು ಮೇಜಿನ ಮೂಲೆಗೆ ಇಟ್ಟು, ಯಾವುದರಲ್ಲಿ ಏನಿದೆ ಎಂದು ಅವರ ಕೈ ಹಿಡಿದು ಮುಟ್ಟಿಸಿ ಹೊರಟೆ.

ಊರಲ್ಲಿ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮಷಿನ್ನು ಮಾರುವ ದೊಡ್ಡ ಅಂಗಡಿಗೆ ಹೋದೆ. ಗಿರಾಕಿಗಳೆಲ್ಲ ಗಂಡಸರು, ರೈತರು. ಬುರ್ಖಾ ಹಾಕಿದ ಹೆಂಗಸೊಬ್ಬಳು ನೋಟ್‌ಬುಕ್ಕು ಹಿಡಿದು ಬಂದದ್ದು ನೋಡಿ ಮಾಲೀಕ ತಾನೇ ಎದ್ದು ಬಂದ.

"ಹುಲ್ಲು ಕತ್ತರ್ಸೋ ಮಷಿನ್ನಾ? ಎಷ್ಟು ಎಕರೆ ಐತೆ ಅಕ್ಕಾರೆ?"

"ಮೂವತ್ತು ಅಡಿಗೆ ಹದಿನೆಂಟು."

ಅಲ್ಲಿದ್ದವರೆಲ್ಲ ನಕ್ಕರು. "ಅಷ್ಟಕ್ಕೆ ಎರಡು ಕುರಿ ಬಿಡ್ರಿ ಅಕ್ಕಾರೆ, ಮಷಿನ್ ಯಾಕೆ? ಗೊಬ್ರಾನೂ ಬಿಟ್ಟಿ!" ಎಂದ ಒಬ್ಬ ಮುದುಕ. ನನಗೂ ನಗು ಬಂತು. ಮಾಲೀಕ ಕೇಳಿದ, "ಹೊಡಿಯೋರು ಯಾರು?"

"ಮಾಲಿ," ಎಂದೆ. ನಾಲಿಗೆಗೆ ಅದು ಸಿದ್ಧವಾಗಿಯೇ ಇತ್ತು.

"ಹಂಗಾದ್ರೆ ಇದು ನೋಡ್ರಿ." ಭುಜಕ್ಕೆ ನೇತುಹಾಕಿಕೊಳ್ಳುವ, ಕೋಲಿನ ತುದಿಯಲ್ಲಿ ನೈಲಾನ್ ದಾರ ಗಿರ್ರನೆ ತಿರುಗುವ ಯಂತ್ರ. ಗದ್ದೆಯ ಬದುವಿಗೆ, ತೋಟದ ಕಳೆಗೆ ಎಲ್ಲರೂ ಒಯ್ಯುವುದು ಅದನ್ನೇ ಎಂದ. ನೆಲದಿಂದ ಎಷ್ಟು ಎತ್ತರದಲ್ಲಿ ಹಿಡಿಯಬೇಕು ಎಂಬುದು ಪೂರ್ತಿ ಕಣ್ಣಿನ ಲೆಕ್ಕ. ಬೇಡ ಎಂದೆ. ಆಮೇಲೆ ನಾಲ್ಕು ಗಾಲಿಯ ಪೆಟ್ರೋಲ್ ಯಂತ್ರ ತೋರಿಸಿದ. ಅಡಿಯಲ್ಲಿ ಫ್ಯಾನಿನ ರೆಕ್ಕೆಯ ಹಾಗೆ ಮಲಗಿದ ಒಂದೇ ಅಲಗು.

"ಕಲ್ಲು ಇದ್ರೆ?"

"ಕಲ್ಲಿದ್ರೆ ನೋಡ್ಕಂಡು ಹೊಡೀಬೇಕು. ಗೋಲಿ ಬಿಟ್ಟಂಗೆ ಸಿಡಿತೈತೆ." ಪ್ಯಾಂಟು ಎತ್ತಿ ಮೊಣಕಾಲ ಕೆಳಗಿನ ಕಲೆ ತೋರಿಸಿದ.

"ಈ ಹುಲ್ಲನ್ನ ಕುರಿ ತಿನ್ನುತ್ತಾ? ಪೆಟ್ರೋಲ್ ವಾಸನೆ..."

"ನಿಮ್ಮ ಕುರಿ ಬಾಯಿರುಚಿ ನನಗೇನು ಗೊತ್ರಿ," ಎಂದು ನಕ್ಕು ಕರೆಂಟಿನದಕ್ಕೆ ಬಂದ. ಹಗುರ, ಕಿತ್ತಳೆ ಬಣ್ಣ, ನನಗೂ ಎತ್ತಲು ಬರುವಂಥದ್ದು. "ಮನೆಗೆ ಇದೇ ಸರಿ. ವೈರು ಒಂದು ಮಾತ್ರ ಯಾವಾಗ್ಲೂ ಹಿಂದ್ಗಡೆ ಇರಂಗೆ ನೋಡ್ಕಂತ ಇರ್ಬೇಕು."

ಯಾವ ಯಂತ್ರದ ಮಾತೂ ಕೊನೆಗೆ ಆ ಒಂದೇ ಪದಕ್ಕೆ ಬಂದು ನಿಲ್ಲುತ್ತಿತ್ತು. ನೋಡ್ಕಂಡು. ಆದರೂ ಇವರು ಹೇಳಿದ್ದನ್ನು ಮಾಡಬೇಕಲ್ಲ. ಅಂಗಡಿಯ ಹಿಂದೆ ಹುಲ್ಲು ಬೆಳೆದ ಜಾಗವಿತ್ತು. ವೈರು ಎಳೆಸಿ, ಹಿಡಿ ಹಿಡಿದು, ಗುಂಡಿ ಒತ್ತಿ ಕಣ್ಣು ಮುಚ್ಚಿದೆ.

ಮೊದಲು ಹೋದದ್ದು ಕಿವಿ. ಆ ಸದ್ದಿನಲ್ಲಿ ರಸ್ತೆ ಯಾವ ಕಡೆ, ಗೋಡೆ ಯಾವ ಕಡೆ ಒಂದೂ ತಿಳಿಯಲಿಲ್ಲ. ಇವರಿಗೆ ಉಳಿದಿರುವುದೇ ಕಿವಿ, ಈ ಯಂತ್ರ ಅದನ್ನೂ ಕಿತ್ತುಕೊಳ್ಳುತ್ತದೆ ಎಂದು ಅನ್ನಿಸುವಷ್ಟರಲ್ಲಿ ಏನಕ್ಕೋ ಡಿಕ್ಕಿಯಾಯಿತು. ಕೈಬಿಟ್ಟು ಕಣ್ಣು ತೆರೆದೆ. ಗೊಬ್ಬರದ ಚೀಲ. ಗುಂಡಿ ಬಿಟ್ಟಿದ್ದೆ, ಆದರೂ ಅಡಿಯಲ್ಲಿ ಅಲಗು ಇನ್ನೂ ತಿರುಗುತ್ತಲೇ ಇತ್ತು. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು. ಅಷ್ಟು ಹೊತ್ತಿನಲ್ಲಿ ಇವರು ಏನು ಸಿಕ್ಕಿಕೊಂಡಿದೆ ಎಂದು ಕೈಹಾಕಿ ತಡಕುತ್ತಾರೆ. ಅದು ನನಗೆ ಖಂಡಿತ ಗೊತ್ತು.

"ಅಕ್ಕಾರು ಕಣ್ಣು ಮುಚ್ಕಂಡು ಗಾಡಿ ಓಡಿಸ್ತಾರಲ್ಲಪ್ಪಾ!" ಎಂದು ಯಾರೋ ನಕ್ಕರು.

ಚೀಲಕ್ಕೆ ಒರಗಿ ನಿಂತಾಗ ಕಾನ್ವೆಂಟಿನ ಹುಲ್ಲು ನೆನಪಾಯಿತು. ಅಲ್ಲೊಬ್ಬ ಮುದುಕ ಮಾಲಿ ಒಂದು ಯಂತ್ರ ತಳ್ಳುತ್ತಿದ್ದ. ಎಂಜಿನ್ ಇರಲಿಲ್ಲ, ವೈರು ಇರಲಿಲ್ಲ. ಕ್ಲಾಸಿನ ಕಿಟಕಿಯಿಂದ ಕೇಳುತ್ತಿದ್ದದ್ದು ಕತ್ತರಿಯ ಸದ್ದು ಮಾತ್ರ. ಅವನು ನಿಂತರೆ ಅದೂ ನಿಲ್ಲುತ್ತಿತ್ತು. ಮಾಲೀಕನನ್ನು ಕೇಳಿದೆ.

"ಅದಾ? ಅದು ನಮ್ಮ ತಾತನ ಕಾಲದ್ದು ಅಕ್ಕಾರೆ, ಯಾರು ತಗಂತಾರೆ ಅದನ್ನ." ಸ್ವಲ್ಪ ಯೋಚಿಸಿ, "ಹಿರಿಯೂರು ದಾಟಿದ್ಮೇಲೆ ಒಂದು ನರ್ಸರಿ ಐತೆ. ಹುಲ್ಲು ಬೆಳ್ಸಿ ಚಾಪೆ ಮಾಡಿ ಮಾರ್ತಾರೆ. ಅವರತ್ರ ಇರ್ಬೋದು ನೋಡ್ರಿ," ಎಂದ.

ಆಗಲೇ ಹನ್ನೊಂದು ದಾಟಿತ್ತು. ಹೋಗಿ, ಸಿಗದೆ ಬಂದರೆ ದಿನ ಮುಗಿದ ಹಾಗೆ. ಮನೆಗೆ ಫೋನ್ ಮಾಡಿದೆ. ಇವರು ಒಂದೇ ಪ್ರಶ್ನೆ ಕೇಳಿದರು. "ಅದರ ಸದ್ದು ನಿನಗೆ ನೆನಪಿದೆಯಾ?"

"ಇದೆ."

"ಹಾಗಾದ್ರೆ ಹೋಗು."

ಹಿರಿಯೂರಿನಲ್ಲಿ ಬಸ್ಸಿಳಿದು ಆಟೋ ಹಿಡಿದು ನರ್ಸರಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಯಜಮಾನಿ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಸಿಗಳಿಗೆ ನೀರು ಬಿಡುತ್ತಿದ್ದರು. "ಬರ್ರಮ್ಮ, ಮೊದ್ಲು ನೆಳ್ಳಿಗೆ ಕುಂತ್ಕಳ್ರಿ," ಎಂದು ಚೊಂಬಿನಲ್ಲಿ ನೀರು ಕೊಟ್ಟರು. ಕೇಳಿದೆ. ಇತ್ತು. ಎರಡು ಇದ್ದವು, ಷೆಡ್ಡಿನಲ್ಲಿ ಗೋಣಿಚೀಲದ ಕೆಳಗೆ. ಹೊಸವೇ, ಯಾರೋ ಹೇಳಿ ತರಿಸಿ ಒಯ್ಯದೇ ಬಿಟ್ಟವು.

ಎರಡು ಗಾಲಿ, ನಡುವೆ ಒಂದು ಉರುಳೆ, ಉರುಳೆಯ ಸುತ್ತ ಸ್ವಲ್ಪ ತಿರುಚಿದಂತೆ ಕೂಡಿಸಿದ ಐದು ಅಲಗು. ಕೆಳಗೆ ಅಲ್ಲಾಡದ ಒಂದು ಚಪ್ಪಟೆ ಅಲಗು. ತಳ್ಳಿದರೆ ಗಾಲಿ ಉರುಳೆಯನ್ನು ತಿರುಗಿಸುತ್ತದೆ, ಹುಲ್ಲು ಎರಡು ಅಲಗಿನ ನಡುವೆ ಸಿಕ್ಕಿ ತುಂಡಾಗುತ್ತದೆ. ಗಾಲಿಯ ಮೇಲಿನ ಕತ್ತರಿ ಅಷ್ಟೇ.

"ಕೇಳ್ರಮ್ಮ, ಆಮೇಲೆ ನನ್ನ ಬೈಬಾರ್ದು," ಎಂದರು ಯಜಮಾನಿ. "ಗೇಣುದ್ದ ಬೆಳ್ಸಿದ್ರೆ ಇದು ಕಡಿಯಲ್ಲ, ಮಲಗಿಸ್ಕಂಡು ಹೋಗ್ತೈತೆ. ವಾರ ವಾರ ತಳ್ಳಬೇಕು. ಕಡ್ಡಿ ಸಿಕ್ರೆ, ಕಲ್ಲು ಸಿಕ್ರೆ ಟಕ್ ಅಂತ ನಿಂತೇ ಬಿಡ್ತೈತೆ. ನಮ್ಮ ಆಳುಗಳಿಗೆ ಇದು ಕಂಡ್ರೆ ಆಗಲ್ಲ, ಅದಕ್ಕೇ ಮೂಲೆಗೆ ಬಿದ್ದೈತೆ."

ಇದರ ದೋಷ ಎಂದು ಅವರು ಹೇಳಿದ್ದೆಲ್ಲ ನಾನು ಹುಡುಕಿಕೊಂಡು ಬಂದದ್ದೇ ಆಗಿತ್ತು.

ಹುಲ್ಲಿನ ಮಡಿಯ ಅಂಚಿಗೆ ಒಯ್ದು ಕಣ್ಣು ಮುಚ್ಚಿದೆ. ತಳ್ಳಿದೆ. ಅದೇ ಸದ್ದು. ಕಿಟಕಿ, ಸುಣ್ಣದ ಇಟ್ಟಿಗೆ, ನೀಲಿ ಯೂನಿಫಾರ್ಮು ಎಲ್ಲ ಕಣ್ಣೊಳಗೆ ಬಂದು ಹೋದವು. ನಡೆಯುತ್ತ ನಡೆಯುತ್ತ ಇನ್ನೊಂದು ವಿಷಯ ತಿಳಿಯಿತು. ಹುಲ್ಲಿರುವಲ್ಲಿ ಸದ್ದು ದಪ್ಪ, ಆಗಲೇ ಕತ್ತರಿಸಿದ ಕಡೆ ಸಣ್ಣಗೆ ಖಾಲಿ ಸದ್ದು. ಸಾಲು ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ. ನಿಂತೆ. ಅದೂ ನಿಂತಿತು, ಮರುಕ್ಷಣವೇ. ದೂರದಲ್ಲಿ ಸಸಿಗೆ ನೀರು ಬೀಳುವುದು ಕೇಳಿಸಿತು.

ಕಣ್ಣು ತೆರೆದಾಗ ಯಜಮಾನಿ ಎದುರಿಗೇ ನಿಂತು ನನ್ನನ್ನೇ ನೋಡುತ್ತಿದ್ದರು.

"ಯಾರು ತಳ್ಳೋರಮ್ಮ ಇದನ್ನ?"

ಮಾಲಿ ಎನ್ನಲು ಬಾಯಿ ತೆರೆದೆ. ಬೆಳಿಗ್ಗೆ ಅಂಗಡಿಯಲ್ಲಿ ಹಾಗೆ ಹೇಳಿದ್ದಕ್ಕೇ ಅಲ್ಲವೇ ಮಾಲಿಗೆ ತಕ್ಕ ಯಂತ್ರಗಳನ್ನೇ ತೋರಿಸಿದ್ದು. ಇವರ ಅಳತೆ ಹೇಳದೆ ಇವರಿಗೆ ಬಟ್ಟೆ ಹೊಲಿಸಲು ಹೊರಟವಳ ಹಾಗೆ ಅರ್ಧ ದಿನ ಅಲೆದಿದ್ದೆ.

"ನಮ್ಮ ಮನೆಯವರು," ಎಂದೆ. "ಅವರಿಗೆ ಕಣ್ಣು ಕಾಣಲ್ಲ."

ಹೊರಗಿನವರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ಅವರು ಪಾಪ ಎನ್ನಲಿಲ್ಲ, ಹೇಗಾಯಿತು ಎಂದೂ ಕೇಳಲಿಲ್ಲ. "ಎಷ್ಟು ಎತ್ತರ ಅವ್ರೆ?" ಎಂದರು. ಹಿಡಿಯ ತಿರುಪು ಸಡಿಲಿಸಿ ನಾನು ಹೇಳಿದ ಎತ್ತರಕ್ಕೆ ಕೂರಿಸಿದರು.

"ದೊಡ್ಡದು ಬೇಡ. ಹದಿನಾರು ಇಂಚಿಂದು ಉಬ್ಬು ನೆಲದಾಗೆ ಎಳೆದಾಡ್ತೈತೆ. ಹನ್ನೆರಡರದ್ದೇ ಒಯ್ರಿ. ಮೊದ್ಲು ಕಲ್ಲು ಆರಿಸ್ರಿ. ಎರಡು ಕಡೆ ಇಟ್ಟಿಗೆ ಇಟ್ಟು ಹಗ್ಗ ಬಿಗೀರಿ, ನಾವು ಸಸಿ ಸಾಲಿಗೆ ಕಟ್ಟಂಗೆ. ಹಗ್ಗ ಕಾಲಿಗೆ ತಾಗ್ತಾ ಇರ್ಲಿ. ಬರಿಗಾಲಾಗೆ ತಳ್ಳಾಕ್ ಹೇಳ್ರಿ."

ಬಸ್ಸಿನಲ್ಲಿ ಅದನ್ನು ಕಾಲ ಬಳಿ ಇಟ್ಟುಕೊಂಡೆ, ಅಲಗಿಗೆ ಗೋಣಿಚೀಲ ಸುತ್ತಿ. "ಏನಮ್ಮ ಇದು, ಶ್ಯಾವಿಗೆ ಒತ್ತೋ ಮಷಿನ್ನಾ?" ಎಂದ ಕಂಡಕ್ಟರ್. ಹೌದು ಎಂದೆ. ಅಷ್ಟು ಹೊತ್ತಿಗೆ ಮತ್ತೆ ನಿಜ ಹೇಳುವ ಶಕ್ತಿ ಉಳಿದಿರಲಿಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ಇವರು ಜಗುಲಿಯ ಅದೇ ಕುರ್ಚಿಯಲ್ಲಿದ್ದರು. ಡಬ್ಬಿಯ ಅನ್ನ ಹಾಗೇ ಇತ್ತು. ಯಂತ್ರವನ್ನು ಎದುರಿಗಿಟ್ಟೆ. ಹಿಡಿಯಿಂದ ಶುರುಮಾಡಿ ಗಾಲಿಯವರೆಗೆ ಕೈಯಾಡಿಸಿದರು. ಅಲಗಿನ ಹತ್ತಿರ ಬಂದಾಗ ಕೈ ತಾನಾಗಿಯೇ ನಿಧಾನವಾಯಿತು.

"ನನ್ನ ಬಟ್ಟೆ ಡಬ್ಬದಿಂದ ಒಂದು ತೆಳು ಮಲ್ಲು ಬಟ್ಟೆಯ ಚೂರು ಕೊಡು."

ಚೂರನ್ನು ಎರಡು ಅಲಗಿನ ನಡುವೆ ಇಟ್ಟು, ಮರದ ಸ್ಕೇಲಿನಿಂದ ಉರುಳೆಯನ್ನು ಮೆಲ್ಲಗೆ ತಿರುಗಿಸಿದರು. ಬಟ್ಟೆ ತುಂಡಾಗದೆ ಮಡಿಚಿಕೊಂಡಿತು. "ಬಾಯಿ ಕೂಡಿಲ್ಲ," ಎಂದರು. ಎರಡೂ ತುದಿಯಲ್ಲಿ ತಿರುಪು ಇದ್ದವು. ನಾನು ಸ್ಪ್ಯಾನರ್ ಹಿಡಿದೆ. ಎಡಕ್ಕೆ ಕಾಲು ಸುತ್ತು. ಬಟ್ಟೆ ಇಟ್ಟು ನೋಡಿದರು. ಬಲಕ್ಕೆ ಕಾಲು ಸುತ್ತು. ಈಗ ಎಡ ತುದಿಯಲ್ಲಿ ಕತ್ತರಿಸಿ ಬಲದಲ್ಲಿ ಹರಿಯಿತು. ಬಲಕ್ಕೆ ಇನ್ನೂ ಸ್ವಲ್ಪ ತಿರುವಿದೆ. ಹೆಚ್ಚಾಯಿತು, ಉರುಳೆ ಬಿಗಿಯಿತು. ಅರ್ಧದಷ್ಟು ಹಿಂದಕ್ಕೆ. ಏಳೆಂಟು ಚೂರು ಮಲ್ಲು ಹಾಳಾದ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಬಟ್ಟೆ ಸರಕ್ಕನೆ ಎರಡಾಯಿತು. ಕತ್ತರಿಸಿದ ಅಂಚನ್ನು ಇವರು ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಆ ಚೂರನ್ನು ಕೆಳಗೆ ಹಾಕದೆ ಜೇಬಿಗಿಟ್ಟುಕೊಂಡರು.

ನಾನು ಕಲ್ಲು ಆರಿಸಿದೆ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಎರಡು ಇಟ್ಟಿಗೆಗೆ ಕಟ್ಟಿ ಗೇಟಿನಿಂದ ಜಗುಲಿಗೆ ಎಳೆದೆ. ಒಂದು ಸಾಲು ಮುಗಿದ ಮೇಲೆ ಹಗ್ಗವನ್ನು ಒಂದು ಅಡಿ ಸರಿಸಬೇಕು ಎಂದುಕೊಂಡಿದ್ದೆ. "ಹನ್ನೆರಡಲ್ಲ, ಹತ್ತೇ ಇಂಚು ಸರಿಸು," ಎಂದರು. "ಎರಡು ಇಂಚು ಹೊಲಿಗೆಗೆ ಬಿಡಬೇಡ್ವಾ?"

ಬಲಗಡೆಯಿಂದ ಶುರುವಾಯಿತು. ಹಗ್ಗಕ್ಕೆ ಬಲಗಾಲಿನ ಅಂಚು ತಾಗಿಸಿಕೊಂಡು, ಕುತ್ತಿಗೆ ಸ್ವಲ್ಪ ಓರೆಮಾಡಿ ಸದ್ದು ಕೇಳುತ್ತ, ನೆಟ್ಟಗೆ ನಡೆದರು. ಈ ಒಂದು ವರ್ಷದಲ್ಲಿ ಇವರು ಕೈ ಮುಂದೆ ಚಾಚದೆ ಇಷ್ಟು ದೂರ ನಡೆದದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ಹಿಡಿ ಇತ್ತಲ್ಲ. ನಾನು ಗೇಟಿಗೂ ಜಗುಲಿಗೂ ಓಡಾಡಿ ಟೇಪು ಹಿಡಿದು ಹಗ್ಗ ಸರಿಸುತ್ತಿದ್ದೆ. ಕಡ್ಡಿ ಸಿಕ್ಕಿ ಎರಡು ಸಲ ಟಕ್ಕೆಂದು ನಿಂತಿತು. ಒಂದು ಸಾಲು, ಎರಡು, ಹತ್ತು. ಪ್ರತಿ ಸಾಲೂ ಗೀಟೆಳೆದ ಹಾಗೆ ಬಂತು.

ಬೇವಿನ ಮರದ ಹತ್ತಿರ ಹಗ್ಗ ನೇರ ಹೋಗಲಿಲ್ಲ, ಬುಡ ಸುತ್ತಿ ಹೋಗಬೇಕಾಯಿತು. ಇವರು ಅಲ್ಲಿ ತಿರುಗುತ್ತಿರುವಾಗಲೇ ಸೈಲೆನ್ಸರ್ ಕಿತ್ತ ಬೈಕೊಂದು ರಸ್ತೆಯಲ್ಲಿ ಹೋಯಿತು. ಆ ಸದ್ದು ಕರಗುವಷ್ಟರಲ್ಲಿ ಇವರ ಕಾಲು ಹಗ್ಗ ಬಿಟ್ಟಿತ್ತು. ಎರಡು ಹೆಜ್ಜೆ ಓರೆ ಹೋಗಿ, ಮತ್ತೆ ಹಗ್ಗ ಹುಡುಕಿಕೊಂಡು, ಏನೂ ಆಗದವರಂತೆ ಮುಂದೆ ತಳ್ಳಿದರು. ಅಂಗೈ ಅಗಲದ ಒಂದು ಪಟ್ಟಿ, ಐದಾರು ಅಡಿ ಉದ್ದ, ಹುಲ್ಲು ಹಾಗೇ ನಿಂತಿತ್ತು.

ಕೊನೆಯ ಸಾಲು ಮುಗಿಸಿ ಬೆವರು ಒರೆಸಿಕೊಂಡು ನಿಂತರು. "ಎಲ್ಲಾ ಬಂತಾ?"

ಮದುವೆಯಾಗಿ ಬಂದಾಗಿನಿಂದ ಇವರು ಕತ್ತರಿಸಿದ್ದರಲ್ಲಿ ತಪ್ಪಿದ್ದರೆ ತಪ್ಪು ಎಂದೇ ಹೇಳಿದವಳು ನಾನು. ಶೇರ್ವಾನಿಯ ತೋಳು ಎರಡೂ ಎಡದವು ಎಂದು ಕೈಗೆತ್ತಿಕೊಂಡು ಹೇಳಿದವಳೂ ನಾನೇ.

"ಬಂತು," ಎಂದೆ. "ಒಂದು ಕಡ್ಡೀನೂ ಬಿಟ್ಟಿಲ್ಲ."

ಇಬ್ಬನಿ ಬೀಳಲಿ, ಬೆಳಿಗ್ಗೆ ಸರಿಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ವರ್ಷವಿಡೀ ಹಾಗೇ ಆಗಿದೆಯಲ್ಲ.

ಹುಲ್ಲನ್ನೆಲ್ಲ ಗೋಡೆಯ ಬುಡಕ್ಕೆ ಗುಡಿಸಿಟ್ಟು ಮಗಳಿಗೆ ಫೋನ್ ಮಾಡಿದೆ. ಇವರಿಗೆ ಕೇಳಿಸಲೆಂದೇ ಸ್ವಲ್ಪ ಜೋರಾಗಿ ಮಾತಾಡಿದೆ. "ನಿಮ್ಮಬ್ಬಾ ಒಬ್ಬರೇ ಪೂರ್ತಿ ಮುಗಿಸಿದರು. ಟೈಲ್ಸಿನವರಿಗೆ ಬರೋದು ಬೇಡ ಅಂತ ಹೇಳಿಬಿಡಮ್ಮ." ಅವಳು, "ನಿಜವಾಗ್ಲೂ? ನೀನು ನೋಡಿದೆಯಾ ಅಮ್ಮಿ?" ಎಂದಳು. ನೋಡಿದೆ ಎಂದೆ. ಹಾಗಾದರೆ ಸರಿ, ಈಗಲೇ ಹೇಳುತ್ತೇನೆ ಎಂದಳು. ಅವಳ ದನಿ ಹಗುರವಾಗಿತ್ತು. ಇವರು ಕುರ್ಚಿಯಲ್ಲಿ ಕೂತು ಎರಡೂ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಹುಲ್ಲಿನ ವಾಸನೆ ನೋಡುತ್ತಿದ್ದರು. ಆಮೇಲೆ ಎದ್ದು ಕಂಬ, ಬಾಗಿಲು, ಮೇಜು ಮುಟ್ಟುತ್ತ ಕೈಕಾಲು ತೊಳೆಯಲು ಒಳಗೆ ಹೋದರು. ಮಧ್ಯಾಹ್ನದ ಡಬ್ಬಿ ಬಿಚ್ಚುವ ಸದ್ದು ಕೇಳಿತು.

ನಾನು ಹಗ್ಗ ಸುತ್ತುತ್ತಿದ್ದೆ. ಪಕ್ಕದ ಮನೆಯವನು ಕುರಿಗಳನ್ನು ಒಳಗೆ ಕಟ್ಟಿ, ಗೋಡೆಯ ಹತ್ತಿರ ಬಂದು ಬೀಡಿ ಹಚ್ಚಿದ.

"ಹೊಸ ಮಷಿನ್ನೇನ್ರಿ ಅಕ್ಕಾರೆ? ಭಾರಿ ಚೆನ್ನಾಗೈತೆ. ಸದ್ದೇ ಇಲ್ಲ, ನನ್ನ ಮರಿ ಒಂದೂ ಬೆದರ್ಲಿಲ್ಲ ನೋಡ್ರಿ."

"ಹೂಂ," ಎಂದೆ.

ಅವನು ಒಂದು ದಮ್ಮು ಎಳೆದು, ಗೋಡೆಯಾಚೆಯಿಂದ ಹುಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದ. ನಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಬೇವಿನ ಬುಡದಾಗೆ ಒಂದು ಪಟ್ಟಿ ಉಳ್ದೈತೆ. ಮಾಸ್ಟ್ರಿಗೆ ಹೇಳಾಕ್ ಹೋಗ್ಬೇಡ್ರಿ ಮತ್ತೆ. ನಾಳೆ ನೀವು ಚಂದ್ರವಳ್ಳಿಗೆ ಹೋದ್ಮೇಲೆ ಕುಡುಗೋಲಾಗೆ ಎಳ್ದುಬಿಡ್ತೀನಿ, ಯಾವಾಗ್ಲೂ ಎಳಿಯಂಗೆ."